ಹನ್ನೊಂದು ಗಂಟೆಯ ನದಿ

ಮಾರ್ಚ್ 4, ಸೋಮವಾರ

ಈ ಬೆಳಿಗ್ಗೆ ಮಾವನ ಮೀಸೆಯಲ್ಲಿ ಮೀನಿನ ಹುರುಪೆಯೊಂದು ಅಂಟಿಕೊಂಡಿತ್ತು. ಬಾಯಿ ತೆರೆದಾಗಲೆಲ್ಲ ಅದು ಕಿಟಕಿಯ ಬೆಳಕಿಗೆ ಮಿಂಚುತ್ತಿತ್ತು. ಮಾವ ಮಾತು ನಿಲ್ಲಿಸುವವರಲ್ಲ, ಹಾಗಾಗಿ ತಿಂಡಿ ಮುಗಿಯುವವರೆಗೂ ಮಿಂಚುತ್ತಲೇ ಇತ್ತು. ಹೇಳಬಹುದಿತ್ತು, ಹೇಳಲಿಲ್ಲ. ನಾನು ಯಾರಿಗೂ ಏನೂ ಹೇಳುವವಳಲ್ಲ. ಹೇಳಬೇಕಾದ್ದನ್ನೆಲ್ಲ ಇಲ್ಲಿ ಬರೆದು, ಹೊರಗೆ ತಲೆಯಾಡಿಸಿಕೊಂಡು ಓಡಾಡುತ್ತೇನೆ. ಎಲ್ಲರೂ ನನ್ನನ್ನು ಒಳ್ಳೆಯ ಹುಡುಗಿ ಎನ್ನುತ್ತಾರೆ.

ಇವತ್ತಿನ ಭಾಷಣದ ವಿಷಯ ಹೋದ ವಾರ ಸತ್ತ ಮೀನು. ಮಾವ ಸೇತುವೆಯ ಕೆಳಗೆ ನದಿಯಲ್ಲಿ ಬಲೆಯ ಪಂಜರಗಳನ್ನು ತೇಲಿಬಿಟ್ಟು ಮೀನು ಸಾಕುತ್ತಾರೆ. ಬೆಳಗಾಗುವಷ್ಟರಲ್ಲಿ ಒಂದು ಪಂಜರದ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವಂತೆ.

"ಕೊಳಚೆ ಘಟಕದವರದೇ ಕೆಲಸ," ಎಂದರು ಮಾವ. "ಊರು ಮಲಗಿದ ಮೇಲೆ ಪೈಪಲ್ಲಿ ವಿಷ ಬಿಡ್ತಾರೆ. ನನ್ನ ಕಂಡ್ರೆ ಹೊಟ್ಟೆಕಿಚ್ಚು ಅವರಿಗೆ."

"ಹೊಟ್ಟೆಕಿಚ್ಚು ಪಡೋಕೆ ನಿಮ್ಮ ಹತ್ರ ಏನಿದೆ ಅಂತ?" ಎಂದರು ಅತ್ತೆ. "ಬಲೆ ಇದೆ, ವಾಸನೆ ಇದೆ, ನಾನಿದೀನಿ."

"ನೀನಿದ್ದೀಯಲ್ಲ, ಅದಕ್ಕೇ."

ಅತ್ತೆ ನಕ್ಕರು. ಇಂಥದ್ದಕ್ಕೆಲ್ಲ ನಗುತ್ತಾರೆ. ಮಾವ ಎಂದರೆ ನನ್ನಮ್ಮನ ಅಣ್ಣ. ನಾನಿರುವುದು ಇವರ ಮನೆಯ ಹಿಂದಿನ ಕೋಣೆಯಲ್ಲಿ; ನನ್ನ ದಿಂಬು ಕೂಡ ಮೀನಿನ ವಾಸನೆ ಹೊಡೆಯುತ್ತದೆ. ಎಂ.ಎ. ತರಗತಿಯಲ್ಲಿ ನದಿಯ ಮೇಲೆ ಎಷ್ಟೊಂದು ಪದ್ಯ ಓದಿದ್ದೆವು! ಒಬ್ಬ ಕವಿಯೂ ವಾಸನೆಯ ಸುದ್ದಿ ಎತ್ತಿರಲಿಲ್ಲ.

ಮಾರ್ಚ್ 6, ಬುಧವಾರ

ನದಿ ಅಧ್ಯಯನ ಕಚೇರಿ ಎಂದರೆ ಹಳೆಯ ಗೋದಾಮಿನ ಮೇಲಿನ ಮೂರು ಕೋಣೆ. ಒಂದರಲ್ಲಿ ಬಾಟಲಿಗಳು, ಒಂದರಲ್ಲಿ ಫೈಲುಗಳು, ಇನ್ನೊಂದರಲ್ಲಿ ಸಾಹೇಬರು. ಮೂರರಲ್ಲಿ ಹೆಚ್ಚು ಖಾಲಿ ಯಾವುದು ಎಂದು ಬರೆಯಬೇಕಾಗಿಲ್ಲ.

ಸಾಹೇಬರು ಪ್ರತಿ ವಾಕ್ಯವನ್ನೂ "ಒಟ್ಟಾರೆ" ಎಂದೇ ಶುರುಮಾಡುತ್ತಾರೆ. ನಾನು ಮನಸ್ಸಿನಲ್ಲೇ ಅವರಿಗೆ ಒಟ್ಟಾರೆ ಸಾಹೇಬರು ಎಂದು ಹೆಸರಿಟ್ಟಿದ್ದೇನೆ. ಚಾಲಕ ರಜೆ ಕೇಳಿದರೆ, "ಒಟ್ಟಾರೆ ನೀನು ಇದ್ರೂ ಒಂದೇ ಹೋದ್ರೂ ಒಂದೇ, ಹೋಗಿ ಬಾ," ಎನ್ನುತ್ತಾರೆ. ನನ್ನನ್ನು ಕರೆಯುವುದು "ಏನಮ್ಮಾ ಸಾಹಿತ್ಯ" ಎಂದು. ವಿಜ್ಞಾನಿಗಳು ಬರೆದ ವರದಿಯನ್ನು ಜನರಿಗೆ ಅರ್ಥವಾಗುವ ಎರಡು ಪುಟಕ್ಕೆ ಇಳಿಸುವುದು ನನ್ನ ಕೆಲಸ. ಇಪ್ಪತ್ತೆಂಟರಂದು ಊರಿನ ಸಭಾಂಗಣದಲ್ಲಿ ಅದನ್ನು ಓದುತ್ತಾರೆ. ನದಿ ಕೆಟ್ಟಿದೆಯೇ, ಕೆಟ್ಟಿದ್ದರೆ ಹೊಲಗಳ ಗೊಬ್ಬರದಿಂದಲೋ ಊರಿನ ಕೊಳಚೆಯಿಂದಲೋ, ಇಷ್ಟೇ ಪ್ರಶ್ನೆ. ಮಾವನ ಪಂಜರಗಳ ಪರವಾನಗಿ ಮುಂದುವರಿಯಬೇಕೋ ಬೇಡವೋ ಎಂಬುದೂ ಅದೇ ಸಭೆಯಲ್ಲಿ ತೀರ್ಮಾನವಾಗುತ್ತದೆ. ಕೆಟ್ಟ ಮೀನು ಮಾರುಕಟ್ಟೆಗೆ ಬಂದೀತು ಎಂದು ಊರಿನವರಿಗೆ ಹೆದರಿಕೆ.

ಇವತ್ತು ನನ್ನನ್ನೂ ನದಿಗೆ ಕರೆದೊಯ್ದರು. ಗಾಡಿ ಮೊದಲು ಸಾಹೇಬರನ್ನು ಮನೆಯಿಂದ ತರಬೇಕು, ಆಮೇಲೆ ಎಲ್ಲರ ಚಹಾ, ಅದಾದ ಮೇಲೆ ನದಿ. ಹಾಗಾಗಿ ನದಿ ಯಾವಾಗಲೂ ಹನ್ನೊಂದು ಗಂಟೆಗೆ. ಪ್ರಯೋಗಾಲಯದ ಮೇಡಂ ಹಗ್ಗ ಕಟ್ಟಿದ ಪಾತ್ರೆಯನ್ನು ಸೇತುವೆಯಿಂದ ಇಳಿಬಿಟ್ಟು ನೀರೆತ್ತಿ ಗಾಜಿನ ಬಾಟಲಿಗೆ ತುಂಬಿದರು. ಎರಡು ಸೀಸೆಗಳಿಂದ ಒಂದೊಂದಿಷ್ಟು ದ್ರವ ಹಾಕಿದರು. ಬಾಟಲಿಯೊಳಗೆ ಕಂದು ಮೋಡದಂಥದ್ದು ಎದ್ದು ನಿಧಾನವಾಗಿ ತಳಕ್ಕೆ ಕುಳಿತಿತು.

"ಕಂದು ಗಾಢವಾದಷ್ಟೂ ಆಮ್ಲಜನಕ ಹೆಚ್ಚು. ಏನೂ ಇಲ್ಲದಿದ್ರೆ ಬೆಳ್ಳಗೇ ಉಳಿಯುತ್ತೆ," ಎಂದರು, ಗೋಡೆಯೊಂದಿಗೆ ಮಾತಾಡುವವರ ಹಾಗೆ.

"ಚೆನ್ನಾಗಿ ಕಾಣುತ್ತೆ," ಎಂದೆ.

"ಚೆಂದಕ್ಕೆ ಹಾಕಿದ್ದಲ್ಲ."

ಲೆಕ್ಕದಲ್ಲಿ ಲೀಟರಿಗೆ ಹದಿಮೂರು ಮಿಲಿಗ್ರಾಂ ಬಂತು. ಮೀನಿಗೆ ಐದಿದ್ದರೆ ಧಾರಾಳವಂತೆ. ಒಟ್ಟಾರೆ ಸಾಹೇಬರು ಪರೀಕ್ಷೆಯಲ್ಲಿ ಮಗ ಪಾಸಾದವರಂತೆ ಕೈ ಉಜ್ಜಿಕೊಂಡರು.

ಮಾರ್ಚ್ 9, ಶನಿವಾರ

ಪೂರ್ವಭಾವಿ ಸಭೆ. ರೈತರ ಸಂಘದ ಅಧ್ಯಕ್ಷರು ಮೇಜಿನ ಈ ತುದಿ, ಕೊಳಚೆ ಘಟಕದ ಎಂಜಿನಿಯರ್ ಆ ತುದಿ.

"ಗೊಬ್ಬರ ಕಾಸು ಕೊಟ್ಟು ತರ್ತೀವಿ ಸ್ವಾಮಿ," ಎಂದರು ಅಧ್ಯಕ್ಷರು. "ತಂದು ನದಿಗೆ ಸುರಿಯೋಕೆ ನಮಗೇನು ತಲೆ ಕೆಟ್ಟಿದೆಯಾ?"

"ನೀವು ಸುರಿಯಲ್ಲ," ಎಂದರು ಪ್ರಯೋಗಾಲಯದ ಮೇಡಂ. "ಹೊಲಕ್ಕೆ ನೀರು ಕಟ್ಟಿದ ಮಾರನೇ ದಿನ ಅದೇ ಬಸಿಗಾಲುವೆ ಹಿಡಿದು ನಡ್ಕೊಂಡು ಬರುತ್ತೆ. ನೈಟ್ರೇಟಿಗೆ ನಿಮ್ಮ ಅಪ್ಪಣೆ ಬೇಕಾಗಿಲ್ಲ."

ಎಂಜಿನಿಯರ್ ಬಾಯಿ ತುಂಬ ನಕ್ಕರು.

"ನೀವು ನಗಬೇಡಿ ಸರ್. ಊರಿನ ಸೋಪು, ಊರಿನ ಶೌಚ, ಎಲ್ಲಾದರ ಫಾಸ್ಫೇಟೂ ನಿಮ್ಮ ಪೈಪಲ್ಲೇ ಬರ್ತಿದೆ. ನೀವು ಕೆಸರು ತೆಗೀತೀರಿ, ಕರಗಿದ್ದನ್ನ ಹಾಗೇ ಬಿಡ್ತೀರಿ."

"ಕರಗಿದ್ದು ತೆಗೀಬೇಕು ಅಂತ ನಿಯಮದಲ್ಲಿ ಎಲ್ಲಿದೆ ಮೇಡಂ? ತೋರಿಸಿ."

ಇಬ್ಬರಿಗೂ ನದಿ ಎಂದರೆ ಹಿತ್ತಿಲ ಬೇಲಿಯ ಆಚೆಗಿನ ಜಾಗ. ಎಸೆದದ್ದು ಮತ್ತೆ ಕಣ್ಣಿಗೆ ಬೀಳದಿದ್ದರೆ ಸಾಕು. ಕೊನೆಗೆ ಒಟ್ಟಾರೆ ಸಾಹೇಬರು, "ಒಟ್ಟಾರೆ ಆಮ್ಲಜನಕ ಹದಿಮೂರಿದೆ ಅಂದ್ಮೇಲೆ ಯಾರೂ ಏನೂ ಕೆಡಿಸಿಲ್ಲ ಅಂತಾಯ್ತಲ್ಲ!" ಎಂದರು. ಅಷ್ಟು ಹೊತ್ತು ಕಚ್ಚಾಡಿದವರು ಎದ್ದು ಒಬ್ಬರಿಗೊಬ್ಬರು ಕೈಕುಲುಕಿದರು. ಇಂಥ ಸುಖಾಂತ್ಯವನ್ನು ಅಗ್ಗದ ನಾಟಕದಲ್ಲೂ ನೋಡಿಲ್ಲ.

ಮಾರ್ಚ್ 13, ಬುಧವಾರ

ಸಾರಾಂಶ ಮುಗಿಸಿದೆ. ಮೇಡಂ ಬರೆದ ವರದಿ ಒಣಗಿದ ಕಡ್ಡಿಗಳ ಕಟ್ಟು. "ಮಾಪನದ ವೇಳೆ ಕಂಡುಬಂದಂತೆ" ಎಂದು ಪ್ರತಿ ಸಾಲಿಗೂ ಸೇರಿಸಿದ್ದಾರೆ, ಅಷ್ಟನ್ನೂ ಕಿತ್ತುಹಾಕಿದೆ. ನನ್ನ ಕೊನೆಯ ಪ್ಯಾರಾ ಹೀಗಿದೆ: "ನದಿ ಚೇತರಿಸಿಕೊಂಡಿದೆ. ಆಮ್ಲಜನಕ ತುಂಬಿ ತುಳುಕುವ ಈ ನೀರಿನಲ್ಲಿ ಮೀನು ಸತ್ತರೆ ಅದು ನದಿಯ ತಪ್ಪಲ್ಲ, ಸಾಕಿದವರ ತಪ್ಪು."

ಕೊನೆಯ ಎರಡು ಪದ ವರದಿಯಲ್ಲಿ ಇಲ್ಲ. ಆ ಹೊತ್ತಿಗೆ ಮಾವ ಹಿತ್ತಿಲಲ್ಲಿ ನಿಂತು ಜೋರಾಗಿ ಗಂಟಲು ಕ್ಯಾಕರಿಸುತ್ತಿದ್ದರು. ಕೈ ತಾನಾಗಿಯೇ ಓಡಿತು. ವಾಕ್ಯಕ್ಕೆ ಒಳ್ಳೆಯ ತೂಕ ಬಂದಿದೆ.

ಮಾರ್ಚ್ 14, ಗುರುವಾರ

ಸಾಹೇಬರು ಎರಡು ಸಲ ಓದಿ, "ಒಟ್ಟಾರೆ ಸಾಹಿತ್ಯ ಅಂದ್ರೆ ಇದು," ಎಂದರು. ಹೊಗಳಿದವರು ಯಾರೆಂದು ಗೊತ್ತಿದ್ದೂ ಇಡೀ ದಿನ ಖುಷಿಯಾಗಿದ್ದೆ.

ಮಾರ್ಚ್ 19, ಮಂಗಳವಾರ

ಮಾವನಿಗೆ ನೋಟಿಸು ಬಂದಿದೆ. ಊಟದ ಮೇಜಿನಲ್ಲಿ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು. ನದಿಯ ನೀರು ಉತ್ತಮವಾಗಿದೆ ಎಂದು ಕಚೇರಿಯ ಕರಡು ಸಾರಾಂಶ ಹೇಳುವುದರಿಂದ ಮೀನು ಸತ್ತದ್ದು ಮಾಲೀಕರ ನಿರ್ಲಕ್ಷ್ಯದಿಂದ. ಇಪ್ಪತ್ತೆಂಟರ ಸಭೆ ಒಪ್ಪಿದರೆ ಪಂಜರಗಳನ್ನು ತೆಗೆಸಲಾಗುವುದು. ಕೆಳಗೆ ನನ್ನ ಪ್ಯಾರಾ, ಒಂದಕ್ಷರವೂ ಬದಲಾಗದೆ.

"'ನದಿಯ ತಪ್ಪಲ್ಲ, ಸಾಕಿದವರ ತಪ್ಪು,'" ಮಾವ ಇನ್ನೊಮ್ಮೆ ಓದಿದರು. "ಯಾವನೋ ಬರ್ದಿದ್ದಾನೆ ನೋಡೇ. ನಾಲಿಗೆ ಮಾತ್ರ ಹರಿತವಾಗಿದೆ ಮುಂಡೇಮಗನಿಗೆ."

"ಊಟ ಮಾಡುವಾಗ ಬಯ್ಯಬೇಡಿ," ಎಂದರು ಅತ್ತೆ.

"ಬೈದಿಲ್ಲ ಕಣೇ, ಹೊಗಳ್ದೆ. ಇಪ್ಪತ್ತು ವರ್ಷ ಆಯ್ತು ನಾನು ನದೀಲಿ ನಿಂತು. ಒಂದೇ ಸಾಲಲ್ಲಿ ಎತ್ತಿ ಬಿಸಾಕಿದ್ದಾನೆ."

ಮಾತು ಅಲ್ಲಿಗೆ ನಿಂತಿತು. ಮಾವ ಮಾತು ನಿಲ್ಲಿಸಿದ್ದನ್ನು ಈ ಮನೆಯಲ್ಲಿ ಇದೇ ಮೊದಲು ನೋಡಿದ್ದು. ನಾನು ತಟ್ಟೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೊಳೆದೆ.

ನೋಟಿಸಿನ ಭಾಷೆಯಂತೂ ದರಿದ್ರ. ನನ್ನ ಪ್ಯಾರಾ ಒಂದೇ ಅದರಲ್ಲಿ ಓದುವ ಹಾಗಿರುವುದು. ಹೀಗೆ ಬರೆದುಕೊಂಡರೂ ಸಮಾಧಾನವಾಗುತ್ತಿಲ್ಲ. ಊಟ ಹೆಚ್ಚಾಗಿರಬೇಕು.

ಮಾರ್ಚ್ 21, ಗುರುವಾರ

ಇನ್ನೂ ಕತ್ತಲಿರುವಾಗಲೇ ಅತ್ತೆ ಅಲುಗಾಡಿಸಿದರು. "ಏಳೇ. ಮೀನು ಬಾಯಿ ಬಿಡ್ತಿವೆಯಂತೆ. ಕೈ ಬೇಕು."

ನದಿಗೆ ಹೋದಾಗ ಪೂರ್ವದಲ್ಲಿ ಬೂದು ಬಣ್ಣ ಅಷ್ಟೇ. ಪಂಜರದ ಮೇಲ್ಮೈ ತುಂಬ ಬಾಯಿಗಳು. ನೀರಿನ ಮಟ್ಟಕ್ಕೆ ತುಟಿ ಹಚ್ಚಿ, ಗಾಳಿಯನ್ನು ಕಚ್ಚಿ ಕಚ್ಚಿ ನುಂಗುತ್ತಿದ್ದವು. ಸಣ್ಣ ಮಕ್ಕಳು ಬೆರಳು ಚೀಪುವಂಥ ಸದ್ದು, ಸಾವಿರಗಟ್ಟಲೆ. ಮಾವ ಬಕೆಟ್ಟಿನಲ್ಲಿ ನೀರೆತ್ತಿ ಎತ್ತರದಿಂದ ಸುರಿಯುತ್ತಿದ್ದರು, ನೀರಿಗೆ ಗಾಳಿ ಬೆರೆಯಲಿ ಎಂದು.

"ನಿಂತ್ಕೊಂಡು ನೋಡ್ತೀಯಲ್ಲ, ಪದ್ಯ ಕಟ್ತಿದ್ದೀಯಾ? ಬಕೆಟ್ ಹಿಡಿಯೇ!"

ಹಿಡಿದೆ. ಸೂರ್ಯ ಮರಗಳ ಮೇಲೆ ಬರುವವರೆಗೂ ಮೂವರೂ ಸುರಿದೆವು. ತೋಳು ಇನ್ನೂ ನಡುಗುತ್ತಿದೆ, ಅಕ್ಷರ ಸೊಟ್ಟಗಾಗುತ್ತಿವೆ. ಒಂದು ಮೂಲೆಯ ಮೀನು ಹೋದವು, ಉಳಿದವು ಒಂದೊಂದಾಗಿ ಕೆಳಗಿಳಿದವು. ಬಿಸಿಲು ಏರಿದ ಮೇಲೆ ನೀರು ಹಸಿರಾಗಿ, ಏನೂ ಆಗಿಯೇ ಇಲ್ಲವೆಂಬಂತೆ ಹೊಳೆಯುತ್ತಿತ್ತು.

ಅಲ್ಲಿಂದ ನೇರ ಕಚೇರಿಗೆ ಹೋದೆ. ಚಹಾ ಆಯಿತು, ಗಾಡಿ ಹೊರಟಿತು, ಅದೇ ಸೇತುವೆಯಿಂದ ಪಾತ್ರೆ ಇಳಿಯಿತು. ಕಡು ಕಂದು. ಹದಿಮೂರು.

ಮಾರ್ಚ್ 22, ಶುಕ್ರವಾರ

ಪ್ರಯೋಗಾಲಯದ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡೆ. ಮೇಡಂ ತಿರುಗಿ ನೋಡಲಿಲ್ಲ. ಎರಡನೇ ಸಲ ಸರಿಮಾಡಿಕೊಂಡೆ.

"ಕೆಮ್ಮಾದ್ರೆ ಔಷಧಿ ಅಂಗಡಿ ಕೆಳಗಿದೆ."

"ಮೇಡಂ, ನಿನ್ನೆ ಬೆಳಗಿನ ಜಾವ ಮೀನು ಉಸಿರು ಕಟ್ಟಿ ಸಾಯ್ತಿದ್ವು. ಹನ್ನೊಂದಕ್ಕೆ ಹದಿಮೂರು ಹೇಗೆ ಬಂತು?"

ಆಗ ತಿರುಗಿದರು. "ನೀರು ಹಸಿರಾಗಿದೆಯಲ್ಲ, ನೋಡಿಲ್ವಾ? ಅದು ಪಾಚಿ. ಗೊಬ್ಬರದ ನೈಟ್ರೇಟು, ಕೊಳಚೆಯ ಫಾಸ್ಫೇಟು, ಎರಡೂ ಸೇರಿ ಅದನ್ನ ಸಾಕ್ತಿವೆ. ಬಿಸಿಲಿದ್ದಾಗ ಆಮ್ಲಜನಕ ಬಿಡುತ್ತೆ. ಕತ್ತಲಾದ್ಮೇಲೆ ಅದೇ ಎಳ್ಕೊಳ್ಳುತ್ತೆ. ಸೂರ್ಯ ಹುಟ್ಟೋ ಮುಂಚೆ ಮೀನಿಗೆ ಏನೂ ಉಳಿಯಲ್ಲ. ಹದಿಮೂರು ಅಂದ್ರೆ ಆರೋಗ್ಯ ಅಲ್ಲಮ್ಮ, ಜ್ವರ."

"ಇದು ಸಾಹೇಬರಿಗೆ ಗೊತ್ತಾ?"

"ಗಾಡಿ ಹನ್ನೊಂದಕ್ಕೆ ಬರುತ್ತೆ. ನಾನು ಹನ್ನೊಂದು ಗಂಟೆಯ ನದೀನ ಪರೀಕ್ಷೆ ಮಾಡ್ತೀನಿ. ಬೆಳಗಿನ ಜಾವದ ನದಿ ಹೇಗಿದೆ ಅಂತ ಯಾರೂ ಕೇಳಿಲ್ಲ. 'ಮಾಪನದ ವೇಳೆ' ಅಂತ ಪ್ರತಿ ಸಾಲಲ್ಲೂ ಬರ್ದಿದ್ದೆ. ಅದನ್ನ ಕಿತ್ತುಹಾಕಿದ್ದು ಯಾರು?"

ಉತ್ತರಕ್ಕೆ ಅವರು ಕಾಯಲಿಲ್ಲ. ಕಪಾಟಿನಿಂದ ಗಾಜಿನ ಬಾಟಲಿಗಳ ಪೆಟ್ಟಿಗೆ, ಆ ಎರಡು ದ್ರವದ ಸೀಸೆ ತೆಗೆದು ಮೇಜಿನ ಮೇಲೆ ಕುಕ್ಕಿದರು. "ಮುಚ್ಚಳ ಹಾಕುವಾಗ ಒಳಗೆ ಒಂದು ಗುಳ್ಳೆ ಉಳಿದ್ರೂ ನನ್ನ ಹತ್ರ ತರಬೇಡ. ಆಮೇಲೆ, ನಿಮ್ಮ ಮಾವ ಒಗೆಯೋ ಮೇವಲ್ಲಿ ಅರ್ಧ ತಳಕ್ಕೆ ಹೋಗಿ ಕೊಳೀತಿದೆ. ಅದೂ ಲೆಕ್ಕಕ್ಕಿದೆ ಅಂತ ಅವರಿಗೆ ಹೇಳು."

ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವವರಷ್ಟು ಹೀನರು ಯಾರೂ ಇಲ್ಲ. ತಿಳಿವಳಿಕೆಯನ್ನು ಕಪಾಟಿನಲ್ಲಿಟ್ಟು, ಕೇಳಿದವರಿಗೆ ಮಾತ್ರ ಬೀಗ ತೆಗೆಯುತ್ತಾರೆ. ಮಾವನಿಗೆ ಮೇವಿನ ಮಾತು ಇನ್ನೂ ಹೇಳಿಲ್ಲ.

ಮಾರ್ಚ್ 23, ಶನಿವಾರ

ಬೆಳಗಿನ ಜಾವ ಪಂಜರದ ಹತ್ತಿರ ನೀರು ತುಂಬಿದೆ. ಮೊದಲ ಎರಡು ಬಾಟಲಿಗಳಲ್ಲಿ ಗುಳ್ಳೆ ಉಳಿಯಿತು, ಚೆಲ್ಲಿದೆ. ತೇಲುವ ಹಲಗೆ ಅಲುಗಾಡುತ್ತಿತ್ತು. ಮಾವ ನನ್ನ ತೋಳು ಹಿಡಿದುಕೊಂಡಿದ್ದರು.

"ಬಿದ್ರೆ ನಿಮ್ಮಮ್ಮಂಗೆ ಏನು ಹೇಳ್ಲಿ? ಬಾಟಲಿ ತುಂಬೋಕೆ ಹೋಗಿ ಮುಳುಗಿದ್ಲು ಅಂತಲಾ?"

ಮೂರನೆಯದು ಸರಿಯಾಯಿತು. ಎರಡೂ ದ್ರವ ಹಾಕಿ ತಿರುವಿಹಾಕಿದೆ. ಮೋಡ ಎದ್ದಿತು, ಬಿಳಿ. ತೆಳ್ಳಗೆ ಮಾಡಿದ ಹಾಲಿನಂತೆ, ಅಂಚಿನಲ್ಲಿ ಮಾತ್ರ ಕಂದಿನ ಗುಮಾನಿ. ಅಲುಗಾಡಿಸಿದರೂ ಬಿಳಿಯೇ. ಮಾವ ಬಗ್ಗಿ ನೋಡಿ, "ಇದು ಒಳ್ಳೇದಾ ಕೆಟ್ಟದ್ದಾ?" ಎಂದರು.

"ನಿಮಗೆ ಒಳ್ಳೇದು. ಮೀನಿಗೆ ಕೆಟ್ಟದ್ದು."

ಅವರು ಹಲಗೆಯ ಮೇಲೆ ಕುಳಿತರು. ಆಗ ಹೇಳಿಬಿಟ್ಟೆ, ನೋಟಿಸಿನಲ್ಲಿರುವ ಆ ವಾಕ್ಯ ನನ್ನದು ಎಂದು.

"ಅವತ್ತೇ ಗೊತ್ತಾಯ್ತು. ನಮ್ಮ ಕುಟುಂಬದಲ್ಲಿ ಅಂಥ ನಾಲಿಗೆ ಇದ್ದದ್ದು ನಿಮ್ಮಮ್ಮಂಗೆ ಮಾತ್ರ."

"ಗೊತ್ತಿದ್ದೂ ಬೈದ್ರಾ?"

"ಗೊತ್ತಿದ್ದಿದ್ದಕ್ಕೇ ಬೈದೆ."

ಇದಾದ ಮೇಲೆ ಮೇವಿನ ಮಾತೂ ಹೇಳಿದೆ. ಅದಕ್ಕೆ ಮಾತ್ರ ಉರಿದುಬಿದ್ದರು. "ನನ್ನ ಮೇವನ್ನ ಕೊಳಚೆಗೆ ಹೋಲಿಸ್ತೀಯೇನೇ? ಒಬ್ಬಳು ಮೇಡಂ ಹೇಳಿದ್ಲು ಅಂತ?" ಮನೆ ಮುಟ್ಟುವವರೆಗೆ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದರು. ಬಾಟಲಿಗಳ ಪೆಟ್ಟಿಗೆಯನ್ನು ಮಾತ್ರ ಅವರೇ ಹೊತ್ತಿದ್ದರು.

ಮೇಡಂ ಪರೀಕ್ಷಿಸಿ ಹೇಳಿದ ಅಂಕಿ ಒಂದು. ಒಂದಕ್ಕಿಂತ ಕೂದಲಷ್ಟು ಹೆಚ್ಚು. "ಗುಳ್ಳೆ ಇಲ್ಲ," ಎಂದರು. ಅವರ ಬಾಯಲ್ಲಿ ಅದು ಹೊಗಳಿಕೆ ಇರಬೇಕು.

ಮಾರ್ಚ್ 25, ಸೋಮವಾರ

ಒಟ್ಟಾರೆ ಸಾಹೇಬರಿಗೆ ಅಂಕಿ ತೋರಿಸಿದೆವು. ನಾನೂ ಮೇಡಂ ಪಕ್ಕದಲ್ಲಿ ನಿಂತಿದ್ದೆ. ಅವರು ಹಾಳೆಯನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ಆಮೇಲೆ ಮುಖ ಅರಳಿತು.

"ಬೆಳಿಗ್ಗೆ ಒಂದು, ಹನ್ನೊಂದಕ್ಕೆ ಹದಿಮೂರು. ಒಟ್ಟಾರೆ ಸರಾಸರಿ ಏಳು! ಐದಿದ್ರೆ ಸಾಕು ಅಂದಿರಿ. ಏಳಿದೆ!"

ಮೇಡಂ ಮಾತಾಡಲಿಲ್ಲ. ನಾನು ಮಾತಾಡಿದೆ. "ಸರ್, ಮೂಗು ಮುಚ್ಚಿ ಒಂದು ಗಂಟೆ, ತೆರೆದು ಒಂದು ಗಂಟೆ ಇಟ್ಟರೆ ಸರಾಸರಿ ಎಷ್ಟು ಉಸಿರಾಡ್ತೀವಿ?"

ಮೇಡಂ ಕಿಟಕಿಯ ಕಡೆ ತಿರುಗಿ ಕೆಮ್ಮಿದರು. ಸಾಹೇಬರು ನನ್ನನ್ನು ಹೊಸದಾಗಿ ಕೆಲಸಕ್ಕೆ ಬಂದವಳನ್ನು ನೋಡುವಂತೆ ನೋಡಿದರು. "ಸಾಹಿತ್ಯದವರಿಗೆ ಉಪಮೆ ಜಾಸ್ತಿ," ಎಂದು ಹಾಳೆ ವಾಪಸು ಕೊಟ್ಟರು. ಸರಾಸರಿ ತೆಗೆಯುವವನಿಗೆ ಸತ್ತ ಮೀನೂ ಅರ್ಧ ಜೀವಂತ. ಈ ಮನುಷ್ಯನಿಗೆ ನದಿ ಬೇಕಾಗಿಲ್ಲ, ಒಂದು ಅಂಕಿ ಸಾಕು.

ಸಾರಾಂಶವನ್ನು ಮತ್ತೆ ಬರೆದೆ. ಈ ಸಲ ವಾಕ್ಯಗಳಿಗೆ ತೂಕ ನೋಡಲಿಲ್ಲ. ಬಸಿಗಾಲುವೆ, ಪೈಪು, ಮೇವು, ಬೆಳಗಿನ ಜಾವದ ಅಂಕಿ, ಹನ್ನೊಂದರ ಅಂಕಿ, ಯಾವ ವೇಳೆಯಲ್ಲಿ ಅಳೆದದ್ದು ಎಂಬುದು. ಒಂದೇ ಪುಟಕ್ಕೆ ಮುಗಿಯಿತು.

ಮಾರ್ಚ್ 27, ಬುಧವಾರ

ನಾಳೆ ಸಭೆ. ಸಾಹೇಬರಿಗೆ ಗಂಟಲು ನೋವಂತೆ. ಪ್ರತಿ ವರ್ಷವೂ ಸಭೆಯ ಹಿಂದಿನ ದಿನ ಬರುತ್ತದೆ ಎಂದು ಚಾಲಕ ಹೇಳಿದ. ಓದಿದವರ ಮೇಲೆ ತಾನೆ ಬೈಗುಳ ಬೀಳುವುದು. "ಒಟ್ಟಾರೆ ನೀವೇ ಓದಿಬಿಡಿ ಸಾಹಿತ್ಯ. ನಿಮ್ಮ ಧ್ವನಿ ಸಣ್ಣದು, ಯಾರಿಗೂ ಸಿಟ್ಟು ಬರಲ್ಲ. ಹೊಸ ಪುಟ ಬೇಕಾದ್ರೆ ಓದಿ, ಆದ್ರೆ ಬೆಳಗಿನ ಜಾವದ ಸಾಲು ಬಿಡಿ. ಸುಮ್ಮನೆ ಗೊಂದಲ. ಮುಂದಿನ ತಿಂಗಳು ನಿಮ್ಮ ಕೆಲಸ ಕಾಯಂ ಮಾಡೋ ವಿಚಾರವೂ ಇದೆ, ನೋಡಿ."

ಮಧ್ಯಾಹ್ನ ರೈತರ ಸಂಘದ ಅಧ್ಯಕ್ಷರು ಮೆಟ್ಟಿಲಲ್ಲಿ ಸಿಕ್ಕರು. ಪೈಪಿನ ವಿಷಯ ಚೆನ್ನಾಗಿ ಒತ್ತಿ ಓದಬೇಕಂತೆ, ಬಸಿಗಾಲುವೆಯ ಸಾಲು ಬೇಡವಂತೆ. ಎಂಜಿನಿಯರ್ ಫೋನು ಮಾಡಿದರು. ಅವರಿಗೆ ಪೈಪಿನ ಸಾಲು ಒಂದು ಬಿಟ್ಟು ಉಳಿದದ್ದೆಲ್ಲ ಅತ್ಯಂತ ವೈಜ್ಞಾನಿಕವಾಗಿ ಕಂಡಿದೆ. ಸಂಜೆ ಮಾವ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತರು.

"ಎಲ್ಲಾ ಓದು. ನನ್ನ ಮೇವಿನ ಮಾತೊಂದು ಬಿಟ್ಬಿಡು ಕಣೇ. ಅದನ್ನೇ ಹಿಡ್ಕೊಂಡು ಪಂಜರ ಕೀಳಿಸ್ತಾರೆ ಅವರು."

"ಮೇವು ಕಡಿಮೆ ಮಾಡ್ತೀರಾ?"

"ಮಾಡ್ತೀನಿ ಅಂತಿಟ್ಕೋ."

"ಮಾಡ್ತೀರಾ ಮಾವ?"

"ನಿಮ್ಮಮ್ಮನ ಮಗಳು ಕಣೇ ನೀನು," ಎಂದು ಹೊರಟುಹೋದರು. ಅಡುಗೆಮನೆಯಲ್ಲಿ ಅತ್ತೆಯ ಧ್ವನಿ ಕೇಳಿಸಿತು: "ಅವಳ ಹತ್ರ ಯಾಕೆ ಹೋಗಿ ಬೇಡ್ತೀರಿ? ಮುಷ್ಟಿ ತುಂಬ ಒಗೀಬೇಡಿ ಅಂತ ನಾನೆಷ್ಟು ವರ್ಷ ಹೇಳಿಲ್ಲ?"

ನಾಲ್ವರ ಮಾತನ್ನೂ ಕೇಳಿ ನಾಲ್ಕು ಸಾಲು ಹೊಡೆದುಹಾಕಿ ನೋಡಿದೆ. ಉಳಿದದ್ದು "ಮಾನ್ಯರೇ, ನಮಸ್ಕಾರ", ಹನ್ನೊಂದು ಗಂಟೆಯ ಹದಿಮೂರು ಮತ್ತು "ಧನ್ಯವಾದಗಳು". ಇವರೆಲ್ಲರಿಗೂ ಒಪ್ಪಿಗೆಯಾಗುವ ನದಿ ಅದು. ಹೊಡೆದ ಗೆರೆಗಳಿಂದ ಪುಟ ಹಾಳಾಗಿತ್ತು, ಹೊಸ ಹಾಳೆಯಲ್ಲಿ ಪೂರ್ತಿ ನಕಲು ಮಾಡಿಕೊಂಡೆ.

ಮಾವ ಮುಂದಿನ ಸಾಲಿನಲ್ಲೇ ಕೂರುತ್ತಾರೆ, ಅವರಿಗೆ ಹಿಂದೆ ಕೂತು ಗೊತ್ತಿಲ್ಲ. ಸಾಹೇಬರು ವೇದಿಕೆಯ ಮೇಲೆ ನನ್ನ ಪಕ್ಕದಲ್ಲಿ. ನಾನು ಕನ್ನಡಕ ತೆಗೆದು ಓದಿದರೆ ಎದುರಿನ ಮುಖಗಳು ಕಾಣುವುದಿಲ್ಲ, ಹಾಳೆ ಮಾತ್ರ ಕಾಣುತ್ತದೆ. ಕಾಲೇಜಿನಲ್ಲಿ ಪ್ರಬಂಧ ಓದುವಾಗಲೆಲ್ಲ ಹಾಗೆ ಮಾಡಿ ಪಾರಾಗುತ್ತಿದ್ದೆ. ನಾಳೆಗೂ ಅದೇ ಉಪಾಯ ಎಂದುಕೊಂಡಿದ್ದೆ.

ಬೇಡ. ಒಂದು ಸಾಲೂ ಬಿಡದೆ ಓದುತ್ತೇನೆ, ಕನ್ನಡಕ ಹಾಕಿಕೊಂಡೇ.